ಮೈತ್ರಿಯ ಎರಡನೆಯ ಹೇಳಿಕೆ

ಜೇವರ್ಗಿಯ ಖಾಸಗಿ ದವಾಖಾನೆಯೊಂದರಲ್ಲಿ ಮೈತ್ರಿ ನರ್ಸ್ ಆಗಿದ್ದಳು. ಕುಡಗೋಲು ತಾಗಿ ಕಾಲು ಕೊಯ್ದುಕೊಂಡು ಬಂದಿದ್ದ ನೆಲೋಗಿಯ ರುಕ್ಮಿಣಿಬಾಯಿಗೆ ಧನುರ್ವಾಯುವಿನ ಲಸಿಕೆ ಹಾಕಿದವಳು ಅವಳೇ. ಕುಪ್ಪಸದ ಬಿಗಿ ತೋಳು ಮೇಲೇರಲಿಲ್ಲ. ಒಳಗೆ ಕರೆದೊಯ್ದು ಸಡಿಲಿಸಬೇಕಿತ್ತು. ಹೊರಗೆ ಸಾಲು ಉದ್ದವಿತ್ತು. ಮೈತ್ರಿ ಕೊರಳ ಕಡೆಯಿಂದ ಬಟ್ಟೆ ಸರಿಸಿ, ತೋಳಿನ ಸ್ನಾಯುವಿಗೆ ಹಾಕಬೇಕಾದ ಸೂಜಿಯನ್ನು ಬಲಭುಜದ ಕೀಲಿನ ಹತ್ತಿರವೇ ಚುಚ್ಚಿಬಿಟ್ಟಳು.

ಖಾನಾವಳಿಗೆ ರೊಟ್ಟಿ ಬಡಿದು ಬದುಕುತ್ತಿದ್ದ ರುಕ್ಮಿಣಿಬಾಯಿಯ ಆ ಕೈ ಮತ್ತೆ ಮೇಲೇಳಲಿಲ್ಲ. ಆರು ತಿಂಗಳ ನಂತರ ಅವಳು ಪರಿಹಾರ ಕೇಳಿ ಕಲಬುರಗಿಯ ಗ್ರಾಹಕರ ಆಯೋಗಕ್ಕೆ ಹೋದಳು.

ದವಾಖಾನೆಗೆ ನೋಟಿಸು ಬಂದ ದಿನ ಅಲ್ಲಿನ ಡಾಕ್ಟರು ಮೈತ್ರಿಯನ್ನು ಕರೆಸಿದರು. "ಸರಿಯಾದ ಜಾಗಾದಾಗ ಹಾಕೇನಿ ಅಂತ ಸಹಿ ಮಾಡವ್ವಾ. ಆಕಿಗೆ ಮೊದ್ಲಿಂದಾನ ಭುಜದ ಬ್ಯಾನಿ ಇತ್ತಂತ ನಾವು ಹೇಳ್ತೀವಿ."

ಮೈತ್ರಿ ಸಹಿ ಮಾಡಿದಳು. ಆಮೇಲೆ ಯಾರಿಗೆ ಲಸಿಕೆ ಹಾಕುವಾಗಲೂ ತೋಳಿನ ಜಾಗವನ್ನು ಎರಡೆರಡು ಸಲ ಅಳೆದು ನೋಡತೊಡಗಿದಳು.

ಆ ಹೇಳಿಕೆಯ ಮೇಲೆ ಪ್ರಶ್ನೆ ಕೇಳಲು ಆಯೋಗ ಅವಳನ್ನು ಕರೆಸಿತು. ಹೊರಗಿನ ಬೆಂಚಿನ ಮೇಲೆ ರುಕ್ಮಿಣಿಬಾಯಿ ಒಬ್ಬಳೇ ಕೂತಿದ್ದಳು. ನರ್ಸ್ ಉಡುಪಿಲ್ಲದೆ ಸೀರೆಯುಟ್ಟಿದ್ದ ಮೈತ್ರಿಯ ಗುರುತು ಅವಳಿಗೆ ಸಿಗಲಿಲ್ಲ.

"ತಂಗಿ, ಸೆರಗು ಜಾರೇದ. ಒಂದಿಷ್ಟು ಹೊದಸವ್ವಾ. ಈ ಕೈ ಏಳಂಗಿಲ್ಲ."

ಮೈತ್ರಿ ಸೆರಗು ಹೊದಿಸಿದಳು. ಭುಜ ಮುಟ್ಟಿದ್ದೇ ರುಕ್ಮಿಣಿಬಾಯಿ ಹಲ್ಲು ಕಚ್ಚಿದಳು.

ಒಳಗೆ ವಕೀಲರು ಕೇಳುವ ಮೊದಲೇ ಮೈತ್ರಿ ಹೇಳಿದಳು: "ನಾ ಬರಕೊಟ್ಟಿದ್ದು ಸುಳ್ಳದರಿ. ಸೂಜಿ ತೋಳಿಗಿಂತ ಮ್ಯಾಲ, ಕೀಲಿನ ಹತ್ರ ಚುಚ್ಚೇನಿ. ಅವಸರ ಮಾಡೇನಿ. ತಪ್ಪು ನಂದದ."

ಸುಳ್ಳು ಹೇಳಿಕೆಗಾಗಿ ಆಯೋಗದವರು ಅವಳನ್ನು ಕಟುವಾಗಿ ಗದರಿದರು. ಅಂದೇ ಸಂಜೆ ಕೆಲಸ ಹೋಯಿತು. ನಾಲ್ಕು ತಿಂಗಳ ನಂತರ, ಚಿಕಿತ್ಸೆಯ ಖರ್ಚೂ ಪರಿಹಾರವೂ ಕೊಡಬೇಕೆಂದು ದವಾಖಾನೆಗೆ ಆದೇಶವಾಯಿತು.

ಸುದ್ದಿ ತಿಳಿದಾಗ ಮೈತ್ರಿ ಅಫಜಲಪುರದಲ್ಲಿ ಹೊಸ ಕೆಲಸಕ್ಕೆ ಸೇರಿದ್ದಳು. ರಜೆ ಹಾಕಿ ನೆಲೋಗಿಗೆ ಹೋದಳು. ರುಕ್ಮಿಣಿಬಾಯಿ ಬಾಗಿಲಲ್ಲೇ ನಿಂತು ನೋಡಿದಳು; ಈ ಸಲ ಗುರುತು ಸಿಕ್ಕಿತು.

"ಮಾಫ್ ಮಾಡ್ರಿ ಅಕ್ಕಾ," ಎಂದಳು ಮೈತ್ರಿ.

"ನೀ ಖರೆ ಹೇಳಿದ್ದಕ್ಕ ನಂಗ ನ್ಯಾಯ ಸಿಕ್ತು, ಇಲ್ಲ ಅನ್ನಂಗಿಲ್ಲ. ಆದ್ರ ಮೊದ್ಲ ಸುಳ್ಳು ಬರದಾಕೀನೂ ನೀನ. ಮಾಫಿ ಇವತ್ತ ನನ್ನ ಬಾಯಾಗ ಬರವಲ್ದು."

ಮೈತ್ರಿ ತಲೆ ತಗ್ಗಿಸಿದಳು. "ಭುಜಕ್ಕ ಕಸರತ್ತು ಕಲತು ಬಂದೇನ್ರಿ. ವಾರಕ್ಕೊಮ್ಮೆ ಬಂದು ಮಾಡಸ್ತೇನಿ. ಬ್ಯಾಡ ಅಂದ್ರ ಹೋಗ್ತೇನಿ."

ರುಕ್ಮಿಣಿಬಾಯಿ ಬಾಗಿಲು ಬಿಟ್ಟು ಸರಿದಳು. ಆಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತು, "ಸಾವಕಾಶ ಎತ್ತು," ಎಂದಳು.

ಮೈತ್ರಿ ಎರಡೂ ಕೈಯಿಂದ ಆ ತೋಳು ಹಿಡಿದಳು. ಅದು ಎದೆಯ ಮಟ್ಟಕ್ಕಷ್ಟೇ ಬಂತು.