ಗಡ್ಡೆಯ ಗುರುತು ನೋಡದೆ ಮದ್ದೇ?

ಲಾಂಡ್ರಿಯ ಹಬೆ ತುಂಬಿದ ಕೋಣೆಯಲ್ಲಿ ಕುಳಿತು ಅಕ್ಕ ಹೋಟೆಲಿನ ಹೊದಿಕೆಗಳ ಅಂಚಿಗೆ ಕೆಂಪು ದಾರದ ಗುರುತು ಹೊಲಿಯುತ್ತಿದ್ದಳು. ಅವಳ ಎದೆಯ ಗಡ್ಡೆ ಕ್ಯಾನ್ಸರೆಂದು ಗೊತ್ತಾಗಿತ್ತು. ಪರೀಕ್ಷೆಗೆಂದು ಸೂಜಿ ಚುಚ್ಚಿ ಮೊದಲು ತೆಗೆದ ಗಡ್ಡೆಯ ಚೂರು ಸಾಲದೆ, ತಕ್ಕ ಚಿಕಿತ್ಸೆಯನ್ನು ಗೊತ್ತುಮಾಡಲು ಇನ್ನೊಂದು ಚೂರು ಬೇಕೆಂದು ಹೇಳಲು ಆಸ್ಪತ್ರೆಯ ದಾದಿ ಬಂದಿದ್ದರು. ಅಲ್ಲೇ ಬಟ್ಟೆ ಉಜ್ಜುತ್ತಿದ್ದ ಅವಳ ತಮ್ಮ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿ ಅಡ್ಡ ನಿಂತ.

"ಮತ್ತೆ ಚುಚ್ಚೋದು ಬೇಡವೇ ಬೇಡ! ಕಲೆ ಕೆದಕಿದ್ರೆ ಬಟ್ಟೆಗೆಲ್ಲ ಹರಡುತ್ತೆ, ನಂಗೊತ್ತಿಲ್ವಾ? ಪಕ್ಕದ ದರ್ಜಿ ಹೆಂಡತಿ ಎದೆಗಡ್ಡೆಗೆ ನಿಮ್ಮ ಆಸ್ಪತ್ರೇಲೇ ಯಾವುದೋ ಹೊಸ ಇಂಜೆಕ್ಷನ್ ಕೊಟ್ರಲ್ಲ, ಅದನ್ನೇ ಕೊಟ್ಟುಬಿಡಿ."

"ಮೈ ಅಂದ್ರೆ ಬಟ್ಟೆಯಲ್ಲಪ್ಪ," ಎಂದರು ದಾದಿ. "ಚೂರು ತೆಗೆದ್ರೆ ಹರಡುತ್ತೆ ಅನ್ನೋ ಭಯ ಬಿಡು. ಆ ಇಂಜೆಕ್ಷನ್ ಮೊನೊಕ್ಲೋನಲ್ ಆಂಟಿಬಾಡಿ ಅನ್ನೋ ಬಗೆಯದು. ರೋಗದ ಜೊತೆ ಹೋರಾಡೋಕೆ ನಮ್ಮ ಮೈ ಪ್ರತಿಕಾಯ ಮಾಡ್ಕೊಳ್ಳುತ್ತಲ್ಲ, ಅಂಥದ್ದನ್ನೇ ಪ್ರಯೋಗಾಲಯದಲ್ಲಿ ಒಂದೇ ಅಚ್ಚಿನಲ್ಲಿ ತಯಾರಿಸ್ತಾರೆ. ಕ್ಯಾನ್ಸರ್ ಕಣದ ಮೇಲಿರೋ ಒಂದು ಗುರುತನ್ನ ಹುಡುಕಿ ಅಂಟಿಕೊಳ್ಳುತ್ತೆ. ಕಣ ಬೆಳೆಯದ ಹಾಗೆ ತಡೆಯುತ್ತೆ, ಮೈಯ ಕಾವಲುಪಡೆಯನ್ನೂ ಅಲ್ಲಿಗೆ ಕರೆಯುತ್ತೆ. ಆದ್ರೆ ಆ ಗುರುತು ಎಲ್ಲರ ಗಡ್ಡೇಲೂ ಇರಲ್ಲ."

"ಇದ್ದೇ ಇರುತ್ತೆ, ಕೊಡ್ರೀ!"

ಅಕ್ಕ ಸೂಜಿಯನ್ನು ಹೊದಿಕೆಗೆ ಚುಚ್ಚಿ ಎದ್ದಳು. ಇಷ್ಟು ಹೊತ್ತೂ ಅವಳ ಮೈಯ ಮಾತು ಅವಳನ್ನೇ ಬಿಟ್ಟು ನಡೆದಿತ್ತು. ರೋಗಕ್ಕಿಂತ ಅದೇ ಅವಳನ್ನು ಹೆಚ್ಚು ಉರಿಸಿತ್ತು.

"ಸಾಕು ಮಾಡೋ, ಮಹಾ ಪಂಡಿತ! ಗುರುತಿಲ್ಲದ ಒಂದು ಕರವಸ್ತ್ರ ಬಂದ್ರೆ ಸೂರು ಹಾರಿಹೋಗೋ ಹಾಗೆ ಕೂಗಾಡ್ತೀಯ. ಎಣ್ಣೆ ಕಲೆಯೋ ಮಸಿ ಕಲೆಯೋ ನೋಡದೆ ಗಿರಾಕಿ ಅಂಗಿಗೆ ಒಂದು ಹನಿ ಮದ್ದು ಮುಟ್ಟಿಸಲ್ಲ. ಹೋಟೆಲಿನ ಹೊದಿಕೆಗಿರೋ ಮರ್ಯಾದೆ ನನ್ನ ಮೈಗಿಲ್ವಾ?"

ತಮ್ಮ ಪಕ್ಕಕ್ಕೆ ಸರಿದ. ದಾದಿಯತ್ತ ತಿರುಗಿ, "ಗುರುತು ಇಲ್ದೇ ಹೋದ್ರೆ?" ಎಂದ.

"ಬೇರೆ ಚಿಕಿತ್ಸೆ ಇದೆ," ಎಂದರು ದಾದಿ. "ಗುರುತು ಇದ್ರೂ ಈ ಇಂಜೆಕ್ಷನ್ ಒಂದೇ ಸಾಲದು, ಕಿಮೋ, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅಡ್ಡಪರಿಣಾಮಾನೂ ಉಂಟು, ಹೃದಯಕ್ಕೂ ತೊಂದರೆ ಆಗಬಹುದು, ಅದಕ್ಕೇ ಆಗಾಗ ಅದನ್ನ ಪರೀಕ್ಷಿಸ್ತೀವಿ."

"ನಾಳೆಯೇ ಬರ್ತೀನಿ," ಎಂದಳು ಅಕ್ಕ.

"ನಾನೂ ಬರ್ಲಾ, ಅಕ್ಕ?"

"ಬಾ. ಬಾಯಿ ಮಾತ್ರ ಇಲ್ಲೇ ಬಿಟ್ಟು ಬಾ."

ಪರೀಕ್ಷೆಯಲ್ಲಿ ಗುರುತು ಕಂಡಿತು. ಆ ಇಂಜೆಕ್ಷನ್ನಿನ ಚಿಕಿತ್ಸೆ ಈಗ ನಡೆಯುತ್ತಿದೆ.

ಓದುವ ತಾಯಂದಿರೇ, ಅಣ್ಣತಮ್ಮಂದಿರೇ, ಪಕ್ಕದ ಮನೆಯ ಮದ್ದಿಗೆ ಹಟ ಹಿಡಿಯಬೇಡಿ. "ಈ ಗಡ್ಡೆಯ ಗುರುತು ಪರೀಕ್ಷಿಸಿದಿರಾ?" ಎಂದು ವೈದ್ಯರನ್ನು ಕೇಳಿ. ಅದಕ್ಕೂ ಮೊದಲು, ಗಡ್ಡೆ ಯಾರ ಮೈಯಲ್ಲಿದೆಯೋ ಅವರನ್ನು ಕೇಳಿ.