ಎದೆಗೆ ಅಂಟಿಸಿದ ಬಿಲ್ಲೆ

ಕರುಳಿನ ಆಪರೇಷನ್ ಆಗಿ ಮೂರನೆಯ ದಿನ ಕಾರ್ ಮೇಷ್ಟ್ರು ದಿಂಬಿಗೊರಗಿ ಕೂತು ಹಳೆಯ ಕಥೆ ತೆಗೆದಾಗ ಹೆಂಡತಿಗೆ ಹೋದ ಜೀವ ಬಂದಂತಾಯಿತು. ಅರ್ಧ ಊರಿಗೆ ಕಾರು ಓಡಿಸಲು ಕಲಿಸಿದ ಮನುಷ್ಯ. ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ತುಳಿದು ಮಾವನ ಮನೆಯ ಕಾಂಪೌಂಡನ್ನೇ ಕೆಡವಿದ ಹೊಸ ಅಳಿಯನ ಕಥೆ ಕೇಳುತ್ತ ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಅಷ್ಟರಲ್ಲಿ ನರ್ಸ್ ಬಿರಬಿರನೆ ಬಂದಳು. ಮೇಷ್ಟ್ರ ಎದೆಗೆ ಅಂಟಿಸಿದ್ದ ಪುಟ್ಟ ಬಿಲ್ಲೆಯೊಂದು ಅವರ ಉಸಿರು, ನಾಡಿ, ಮೈಬಿಸಿಯನ್ನು ವೈರಿನ ಹಂಗಿಲ್ಲದೆ ಹೊರಗಿನ ಪರದೆಗೆ ಕಳಿಸುತ್ತಲೇ ಇರುತ್ತಿತ್ತು.

"ಏನಾಗ್ತಿದೆ ಸರ್? ಉಸಿರೂ ನಾಡಿನೂ ಏರ್ತಾ ಇದೆ."

"ನಕ್ಕರೆ ಏರದೆ ಇರುತ್ತೇನಮ್ಮ? ಗುಂಡುಕಲ್ಲಿನ ಹಾಗಿದೀನಿ."

"ಬೆಳಿಗ್ಗೆ ನೀವು ನೋಡಿದಾಗ ಎಲ್ಲ ಸರಿಯಿತ್ತಲ್ಲ?" ಎಂದಳು ಹೆಂಡತಿ.

"ಇತ್ತಮ್ಮ. ಆಮೇಲಿಂದ ಸ್ವಲ್ಪ ಸ್ವಲ್ಪವೇ ಏರ್ತಾ ಬಂದಿದೆ."

ಡಾಕ್ಟರು ಬಂದು ಹೊಟ್ಟೆ ಒತ್ತಿದರು. ಮೇಷ್ಟ್ರು ಮುಖ ಕಿವುಚಿದರು. ಸ್ಕ್ಯಾನ್ ಮಾಡಿಸಿದರೆ, ಒಳಗಿನ ಹೊಲಿಗೆ ಒಂದು ಕಡೆ ಬಿಟ್ಟು ಕೀವು ಕಟ್ಟುತ್ತಿತ್ತು. "ಬೇಗ ಗೊತ್ತಾಯ್ತು, ಒಳ್ಳೇದಾಯ್ತು," ಎಂದು ಡಾಕ್ಟರು ಮತ್ತೆ ಥಿಯೇಟರಿಗೆ ಕರೆದೊಯ್ದರು.

ಹೊರಗಿನ ಬೆಂಚಿನಲ್ಲಿ ಆಕೆ ಕುಸಿದು ಕೂತಳು. ನರ್ಸ್ ನೀರು ತಂದುಕೊಟ್ಟಳು.

"ಇಷ್ಟು ವರ್ಷ ಸಂಸಾರ ಮಾಡಿದೀನಿ. ಪಕ್ಕದಲ್ಲೇ ಕೂತು ಹಲ್ಲು ಕಿರೀತಿದ್ದೆನಲ್ಲ! ಒಂದು ಬಿಲ್ಲೆಗೆ ಗೊತ್ತಾಗಿದ್ದು ನನಗೆ ಗೊತ್ತಾಗಲಿಲ್ಲ."

"ನನಗೂ ಗೊತ್ತಾಗಿರ್ಲಿಲ್ಲಮ್ಮ. ಅದಕ್ಕೇ ತಾನೇ ಅದನ್ನ ಅಂಟಿಸಿರೋದು."

ಆ ಮಾತಿನಿಂದ ಆಕೆಗೆ ಸಮಾಧಾನವೇನೂ ಆಗಲಿಲ್ಲ. ಆದರೂ ನೀರು ಕೊಟ್ಟ ಆ ನರ್ಸ್ ಹುಡುಗಿಯ ಕೈ ಹಿಡಿದುಕೊಂಡೇ ಕೂತಳು.

ಮೇಷ್ಟ್ರು ಉಳಿದರು. ಮಾತಾಡುವಷ್ಟು ಶಕ್ತಿ ಬಂದ ಮೇಲೆ ಮೆಲ್ಲನೆ ಬಾಯಿಬಿಟ್ಟರು. "ನನಗೆ ಗೊತ್ತಾಗಿತ್ತು ಕಣೇ. ಮೈಯೊಳಗೆ ಚಳಿ ಹೊಕ್ಕ ಹಾಗಾಗಿತ್ತು. ಆದ್ರೆ ನೀನು ನಗ್ತಾ ಇದ್ದೆ. ನೀನು ನಕ್ಕು ಎಷ್ಟು ದಿನ ಆಗಿತ್ತು..."

ಆಕೆಗೆ ಸಿಟ್ಟು ನೆತ್ತಿಗೇರಿತು. "ರೀ, ಬುದ್ಧಿ ಎಲ್ಲಿಟ್ಟಿದ್ರಿ? ನಿಮಗೇನಾದ್ರೂ ಆಗಿದ್ದಿದ್ರೆ ಆ ನಗು ಕಟ್ಕೊಂಡು ನಾನೇನು ಮಾಡ್ಬೇಕಿತ್ತು?" ಎಂದಳು. ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. "ಇನ್ಮೇಲೆ ಏನಾದ್ರೂ ಮೊದಲು ನನಗೆ ಹೇಳ್ಬೇಕು."

"ಈಗಲೇ ಹೇಳ್ಲಾ?"

"ಹೇಳಿ."

"ಗಾಯ ಉರೀತಿದೆ. ಸೊಂಟ ಹಿಡ್ಕೊಂಡಿದೆ. ಬಾಯೆಲ್ಲ ಒಣಗಿದೆ."

ಆಕೆ ಒದ್ದೆ ಹತ್ತಿಯಿಂದ ಅವರ ತುಟಿ ತೇವ ಮಾಡಿದಳು, ಸೊಂಟದಡಿ ಮೆತ್ತನೆಯ ದಿಂಬು ಸರಿಸಿದಳು. ಉರಿಯ ವಿಷಯ ಹೇಳಲು ನರ್ಸನ್ನು ಹುಡುಕಿಕೊಂಡು ಹೊರಟಳು.