ಮುಳುಗಬೇಕಾದ ಹಡಗು

೧

ಈ ಕತೆಯನ್ನು ಎಲ್ಲಿಂದ ಶುರುಮಾಡಲಿ? ಕೆರೆಯಿಂದ ಶುರುಮಾಡಿದರೆ ಮೀನಿನ ಕತೆ ಅಂದುಕೊಳ್ಳುತ್ತೀರಿ. ಹಡಗಿನಿಂದ ಶುರುಮಾಡಿದರೆ, ಶಿರಸಿಯಲ್ಲಿ ಎಲ್ಲಿಯ ಹಡಗು ಮಾರಾಯ ಎಂದು ಪುಟ ತಿರುಗಿಸುತ್ತೀರಿ. ಗಂಗಾಂಬಿಕಾಳಿಂದಲೇ ಶುರುಮಾಡೋಣವೆಂದರೆ ಅವಳು ಒಪ್ಪುತ್ತಿಲ್ಲ.

"ನನ್ನಿಂದ ಬ್ಯಾಡ್ರಿ. ಮೋಟರಿನಿಂದ ಶುರು ಮಾಡ್ರಿ," ಅಂದಳು.

ಸರಿ, ಮೋಟರಿನಿಂದ.

೧ (ಇನ್ನೊಮ್ಮೆ)

ಗಂಗಾಂಬಿಕಾ ಬನವಾಸಿ ಕಡೆಯವಳು. ಶಿರಸಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಹಾಕಿ ಹದಿನಾಲ್ಕು ವರ್ಷವಾಯಿತು. ಸುಟ್ಟುಹೋದ ಪಂಪ್‌ಸೆಟ್ಟಿನ ಹೊಟ್ಟೆ ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವುದು ಅವಳ ಕಸುಬು. ಊರಿಗೆಲ್ಲ ಅವಳು ಗಂಗಕ್ಕ. ವಯಸ್ಸು ನಲವತ್ತೊಂದು. (ಮದುವೆ? ಎಂದು ಕೇಳಿದೆ. "ಅದು ಈ ಕತಿಗೆ ಬೇಕಾ?" ಎಂದಳು. ಬೇಕಿತ್ತೇನೋ. ಆದರೆ ಅವಳ ಕೈಯಲ್ಲಿ ಇಕ್ಕಳವಿತ್ತು.)

ಎರಡು ವರ್ಷದ ಹಿಂದೆ ಒಬ್ಬ ಗಂಡಸು ಬಂದು ಕೌಂಟರಿನ ಮೇಲೆ ಬೆಂಕಿಪೊಟ್ಟಣದಷ್ಟು ಚಿಕ್ಕ ಮೋಟರೊಂದನ್ನು ಇಟ್ಟ. ಸುಟ್ಟ ವಾಸನೆ ಬರುತ್ತಿತ್ತು.

"ಇದು ಯಾತರ ಪಂಪರೀ?" ಎಂದು ಕೇಳಿದಳು.

"ಹಡಗಿಂದು ಮೇಡಂ. ಒಳಗೆ ಬಂದ ನೀರನ್ನ ಹೊರಗೆ ಹಾಕ್ತದೆ."

"ಒಳಗ ನೀರು ಯಾಕ ಬರತೈತಿ?"

"ಗುಂಡು ಹೊಡೆದ್ರೆ ಬರ್ತದಲ."

"ಯಾರು ಹೊಡಿತಾರ?"

"ಯಾರೂ ಇಲ್ಲ. ಅದೇ ತೊಂದರೆ ಆಗಿರೋದು."

ಅವನ ಹೆಸರು ನಾಗಪತಿ. ತ್ಯಾಗಲಿಯವನು, ಸಿದ್ದಾಪುರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ರಿಮೋಟಿನಿಂದ ಓಡುವ ಒಂದು ಯುದ್ಧನೌಕೆಯನ್ನು ಕಟ್ಟಿದ್ದ. ಮೂರು ತಾಲೂಕಿನಲ್ಲಿ ಅವನಿಗೊಬ್ಬ ಶತ್ರು ಸಿಕ್ಕಿರಲಿಲ್ಲ. ಒಬ್ಬನೇ ಕೆರೆಗೆ ಹೋಗಿ ಹಡಗನ್ನು ಸುತ್ತಾಡಿಸಿ ವಾಪಸು ಬರುತ್ತಿದ್ದ.

ಗಂಗಾಂಬಿಕಾ ಮೂರು ದಿನ ಭೂತಗನ್ನಡಿ ಹಿಡಿದು, ಕೂದಲಿನಂಥ ತಂತಿಯನ್ನು ಆ ಮೋಟರಿಗೆ ಸುತ್ತಿದಳು. ಅದನ್ನು ಕೊಡುವಾಗ, "ನಾನೂ ಒಂದು ಕಟ್ಟತೀನಿ," ಅಂದಳು.

(ಇಲ್ಲಿ "ಅವಳಿಗೆ ಅವನ ಮೇಲೆ ಮನಸ್ಸಾಯಿತು" ಎಂದು ಬರೆದಿದ್ದೆ. ಅವಳು ನನ್ನ ಪೆನ್ನು ತಗೊಂಡು ಆ ಸಾಲನ್ನು ಹೊಡೆದುಹಾಕಿದಳು. ಹೊಡೆದುಹಾಕಿದ ಸಾಲನ್ನು ನಾನು ಕಂಸದೊಳಗೆ ಇಟ್ಟುಕೊಂಡಿದ್ದೇನೆ. ಕತೆಗಾರರು ಹೀಗೇ, ನಂಬಬೇಡಿ.)

೨

ಈಗ ಸ್ವಲ್ಪ ತಾಂತ್ರಿಕ ವಿಷಯ ಬರುತ್ತದೆ, ಆಕಳಿಸಬೇಡಿ. ನನಗೂ ಇದೆಲ್ಲ ಹೊಸತು. ಯಲ್ಲಾಪುರದಲ್ಲಿ ಕೂತು ಬರೆಯುವವನು ನಾನು. ಸಮುದ್ರವನ್ನೇ ಬೆರಳೆಣಿಕೆಯಷ್ಟು ಸಲ ನೋಡಿದ್ದೇನೆ, ಯುದ್ಧನೌಕೆ ದೂರದ ಮಾತು.

ಈ ಹಡಗು ಮೂರೂವರೆ ಅಡಿ ಉದ್ದ. ಪ್ಲೈವುಡ್ಡಿನ ಪಕ್ಕೆಲುಬು, ಮೇಲೊಂದು ತೆಳ್ಳಗಿನ ಹೊದಿಕೆ. ಒಳಗೆ ಪುಟ್ಟದೊಂದು ಗ್ಯಾಸ್ ಸಿಲಿಂಡರ್. ರಿಮೋಟಿನ ಗುಂಡಿ ಒತ್ತಿದರೆ ಫಿರಂಗಿಯಿಂದ ಸೈಕಲ್ಲಿನ ಬೇರಿಂಗ್ ಗುಂಡು ಹಾರಿ ಎದುರಿನ ಹಡಗಿಗೆ ತೂತು ಕೊರೆಯುತ್ತದೆ. ತೂತಿನಿಂದ ನೀರು ನುಗ್ಗುತ್ತದೆ, ಪಂಪು ಹೊರಗೆ ಚೆಲ್ಲುತ್ತದೆ. ಯಾರ ಪಂಪು ಸೋಲುತ್ತದೋ ಅವರ ಹಡಗು ಮುಳುಗುತ್ತದೆ. ಈ ಆಟಕ್ಕೆ ಒಂದೇ ದೊಡ್ಡ ನಿಯಮ: ಹೊದಿಕೆ ಗುಂಡೇಟಿಗೆ ತೂತಾಗಲೇಬೇಕು. ಮುಳುಗದಂಥ ಹಡಗು ಕಟ್ಟುವುದು ಮೋಸ.

ಎರಡನೆಯ ನಿಯಮವನ್ನು ಇವರಿಬ್ಬರೇ ಮಾಡಿಕೊಂಡರು. ಗೆದ್ದವರು ನೀರಿಗಿಳಿದು ಸೋತವರ ಹಡಗನ್ನು ಎತ್ತಿ ತರಬೇಕು, ಎರಡೂ ಕೈಯಿಂದ ಕೊಡಬೇಕು.

ಗಂಗಾಂಬಿಕಾ ಎಂಟು ತಿಂಗಳು ಕಟ್ಟಿದಳು. ಔಷಧಿ ಹೊಡೆಯುವ ಪಂಪಿನ ಹಿತ್ತಾಳೆ ನಳಿಗೆ ಫಿರಂಗಿಯಾಯಿತು. ಹಾಲಿನ ಪುಡಿಯ ಡಬ್ಬಿ ಗೋಪುರವಾಯಿತು. ಬಣ್ಣ ಬೂದಿಯದ್ದಿರಬೇಕಿತ್ತು, ಅಂಗಡಿಯಲ್ಲಿ ಇದ್ದದ್ದು ಪಂಪ್‌ಸೆಟ್ಟಿನ ನೀಲಿ, ಅದನ್ನೇ ಬಳಿದಳು. ಹೊದಿಕೆಗೆ ನಾಗಪತಿ ಹಗುರದ ಬಾಲ್ಸಾ ಮರವನ್ನು ಕೊರಿಯರಿನಲ್ಲಿ ತರಿಸಿದ್ದ. ಇವಳಿಗೆ ಅಷ್ಟು ದಿನ ಕಾಯುವ ತಾಳ್ಮೆಯಿರಲಿಲ್ಲ. ಭೈರುಂಬೆಯಲ್ಲಿ ಹಾಳೆತಟ್ಟೆ ಮಾಡುವಲ್ಲಿ ಮಷಿನ್ ರಿಪೇರಿಗೆ ಹೋದಾಗ ಒಂದು ಕಟ್ಟು ಅಡಿಕೆ ಹಾಳೆ ತಂದಳು. ನೆನೆಹಾಕಿ, ಪಕ್ಕೆಲುಬಿನ ಮೇಲೆ ಬಗ್ಗಿಸಿ, ಒಣಗಿಸಿ, ಕಾಗದದಷ್ಟು ತೆಳ್ಳಗೆ ಉಜ್ಜಿದಳು. ಗುಂಡು ಹೊಡೆದು ನೋಡಿದರೆ ತೂತು ಬಿತ್ತು. ನಾಗಪತಿಯೂ ಪಾಸು ಮಾಡಿದ.

ಇಬ್ಬರೂ ಒಂದು ತಪ್ಪು ಮಾಡಿದ್ದರು. ಒಣಗಿದ ಹಾಳೆಗೆ ಹೊಡೆದು ನೋಡಿದ್ದರು.

೩

ಭಾನುವಾರ ಬೆಳಿಗ್ಗೆ, ಸಿದ್ದಾಪುರದ ರಸ್ತೆಯಲ್ಲಿ, ಜನ ಹೆಚ್ಚು ಬಾರದ ಒಂದು ಕೆರೆ. ಇಬ್ಬರೂ ವೆಲ್ಡಿಂಗ್ ಕನ್ನಡಕ ಹಾಕಿ ಏರಿಯ ಮೇಲೆ ನಿಂತಿದ್ದರು.

ಮೊದಲ ವಾರ ನಾಗಪತಿಯ ಹಡಗು ಮುಳುಗಿತು. ಅವಳು ಸೀರೆ ಎತ್ತಿ ಕಟ್ಟಿ ಮೊಣಕಾಲು ನೀರಿಗಿಳಿದು ತಂದು ಕೊಟ್ಟಳು. ಎರಡನೆಯ ವಾರವೂ ಅವನದೇ ಮುಳುಗಿತು. ಮೂರನೆಯ ವಾರ ಅವಳು ಮನೆಗೆ ಬಂದು ತನ್ನ ಹಡಗಿನ ತೂತುಗಳಿಗೆ ತೇಪೆ ಹಾಕಲು ಹುಡುಕಿದರೆ ತೂತೇ ಕಾಣಲಿಲ್ಲ. ನೀರು ಕುಡಿದು ಉಬ್ಬಿದ ಹಾಳೆ ತನ್ನ ಗಾಯವನ್ನು ತಾನೇ ಮುಚ್ಚಿಕೊಂಡಿತ್ತು.

ಒಂಬತ್ತನೆಯ ವಾರದವರೆಗೂ ಅವಳು ಬಾಯಿ ಬಿಡಲಿಲ್ಲ. ಒಂಬತ್ತನೆಯ ವಾರ ನಾಗಪತಿ ಅವಳ ಹಡಗಿನ ಪಕ್ಕೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದ.

"ಎಂತ ಇದು, ಗಂಗಾಂಬಿಕಾ?" (ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದವನು ಅವನೊಬ್ಬನೇ.)

"ಹಾಳಿ ಉಬ್ಬತೈತ್ರಿ."

"ನಿಮಗೆ ಗೊತ್ತಿತ್ತ?"

"ಗೊತ್ತಿತ್ತು."

"ಯಾವಾಗಿಂದ?"

"ಮೂರನೇ ವಾರದಿಂದ."

ಅವನು ಹೆಬ್ಬೆರಳು ತೆಗೆದ. ನೀರು ಸುರಿಯುತ್ತಿದ್ದ ತನ್ನ ಹಡಗನ್ನು ಹಾಗೇ ಪೆಟ್ಟಿಗೆಯಲ್ಲಿಟ್ಟು ಬಸ್ಸಿಗೆ ಹೋದ. ಅದಾಗಿ ಏಳು ತಿಂಗಳು.

೪ (ಈ ಭಾಗವನ್ನು ಮೂರು ಸಲ ಹರಿದಿದ್ದೇನೆ)

ಮೊದಲ ಕರಡಿನಲ್ಲಿ ಗೆಲುವಿನ ಆಸೆಗೆ ಬಿದ್ದ ಹೆಂಗಸೊಬ್ಬಳ ಪತನವಿತ್ತು. ಚೆನ್ನಾಗಿತ್ತು, ವಾಚಾಳಿಯಾಗಿತ್ತು. ಎರಡನೆಯದರಲ್ಲಿ ಹಾಳೆಯನ್ನು ಪ್ರತಿಮೆ ಮಾಡಿ, ಮುಚ್ಚಿಕೊಳ್ಳುವ ಗಾಯ ಇತ್ಯಾದಿ ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅದನ್ನು ಓದಿದ ಗಂಗಾಂಬಿಕಾ, "ಇದು ಯಾರ ಕತಿರೀ?" ಎಂದಳು. ಮೂರನೆಯದು ನನಗೇ ನೆನಪಿಲ್ಲ.

ಕೊನೆಗೆ ನೇರ ಕೇಳಿದೆ: "ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

ಅವಳು ಸುತ್ತು ಮುಗಿಸಿ ತಂತಿ ಕತ್ತರಿಸಿದಳು.

"ನನ್ನ ಹಡಗು ಮುಳುಗಿದ್ರ ನಾನು ಅದನ್ನ ಅಂಗಡಿಗೆ ತಂದು ರಿಪೇರಿ ಮಾಡತಿದ್ದೆ. ಅವ ಹನ್ನೊಂದರ ಬಸ್ಸಿಗೆ ಹೋಗಿಬಿಡತಿದ್ದ. ಅವಂದು ಮುಳುಗಿದ್ರ, ಹಸಿ ಹಡಗು ಬಸ್ಸಿನ್ಯಾಗ ಒಯ್ಯಾಕ ಬರಂಗಿಲ್ಲ. ಏರಿ ಮ್ಯಾಲೆ ಒಣಗಿಸಬೇಕು, ತ್ಯಾಪಿ ಹಾಕಬೇಕು. ನಾನು ಅಂಟು ಹಚ್ಚತಿದ್ದೆ, ಅವ ಕಾಗದ ಕೂಡಸತಿದ್ದ. ಆಮ್ಯಾಲೆ ಎರಡರ ಬಸ್ಸು."

ಹನ್ನೊಂದಕ್ಕೂ ಎರಡಕ್ಕೂ ನಡುವೆ ಮೂರು ತಾಸು. ಆ ಮೂರು ತಾಸಿಗಾಗಿ ಅವಳು ಗೊತ್ತಿದ್ದೂ ಆರು ವಾರ ಅವನ ಹಡಗನ್ನು ಮುಳುಗಿಸಿದ್ದಳು.

"ಹಾಗಾದರೆ ಇದು ಪ್ರೀತಿ," ಅಂದೆ. ಕೈಯಲ್ಲಿ ಪೆನ್ನು ಸಿದ್ಧವಾಗಿತ್ತು.

"ಹೆಸರಿಡಬ್ಯಾಡ್ರಿ. ಅವಂಗ ಹೆಂಡ್ತಿ ಮಕ್ಕಳು ಅದಾರೋ ಇಲ್ಲೋ, ಅದನ್ನೂ ನಾನು ಕೇಳಿಲ್ಲ. ಕೇಳಬಾರದಂತನ ಕೇಳಿಲ್ಲ. ಭಾನುವಾರ ಬಂದ್ರ ಅವ ಬೇಕು ಅನಸತೈತಿ. ಉಳಿದ ದಿನಾನೂ ಅನಸತೈತಿ. ಅಷ್ಟ ಬರೀರಿ."

ಅಷ್ಟೇ ಬರೆದಿದ್ದೇನೆ.

೫

ಈ ಏಳು ತಿಂಗಳಲ್ಲಿ ಅವಳು ಹಡಗಿನ ಹಾಳೆಯನ್ನೆಲ್ಲ ಕಿತ್ತುಹಾಕಿದ್ದಾಳೆ. ಬಾಲ್ಸಾ ತರಿಸಿ ಹೊದಿಸಿದ್ದಾಳೆ, ನಿಯಮ ಹೇಳುವುದಕ್ಕಿಂತ ತೆಳ್ಳಗೆ. ಬೆಳಕಿಗೆ ಹಿಡಿದರೆ ಒಳಗಿನ ಪಕ್ಕೆಲುಬು ಕಾಣುತ್ತದೆ. ಪಂಪನ್ನೂ ಸಣ್ಣದು ಮಾಡಿದ್ದಾಳೆ. ಯಾರಾದರೂ ಎರಡು ಗುಂಡು ಸರಿಯಾಗಿ ಹೊಡೆದರೆ ಸಾಕು.

ಹೋದ ಬುಧವಾರ ಅವನಿಗೆ ವಾಟ್ಸಾಪ್ ಮಾಡಿದಳು: "ಹಾಳೆ ತೆಗೆದಿದ್ದೇನೆ. ಭಾನುವಾರ ಕೆರೆಗೆ ಬರುತ್ತೇನೆ. ಈಗ ಮುಳುಗುತ್ತದೆ." ಓದಿದ್ದಾನೆಂದು ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ.

೬

ಇವತ್ತು ಭಾನುವಾರ. ಅವಳು ಹಡಗನ್ನು ನೀರಿಗೆ ಬಿಟ್ಟು ಏರಿಯ ಮೇಲೆ ನಿಂತಿದ್ದಾಳೆ. ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ನಾನು. ಮುಗಿಸುವ ಜವಾಬ್ದಾರಿ ನನ್ನದಲ್ಲವೇ? ನಿಮಗೂ ಮನೆಯಲ್ಲಿ ಕೆಲಸ ಬಿದ್ದಿದೆ, ಮೂರು ಮುಕ್ತಾಯ ಬರೆದು ತಂದಿದ್ದೇನೆ.

(ಅ) ನಾಗಪತಿ ಬರುತ್ತಾನೆ. ಹೆಗಲ ಮೇಲೆ ಪೆಟ್ಟಿಗೆ. ಮಾತಿಲ್ಲದೆ ಕನ್ನಡಕ ಹಾಕುತ್ತಾನೆ. ಎರಡನೆಯ ಗುಂಡಿಗೆ ನೀಲಿ ಹಡಗು ಬಾಗುತ್ತದೆ, ಮುಳುಗುತ್ತದೆ. ಅವನು ಪ್ಯಾಂಟು ಮಡಚಿ ನೀರಿಗಿಳಿಯುತ್ತಾನೆ.

ಅವಳಿಗೆ ಓದಿ ಹೇಳಿದೆ. ಅವಳ ಮುಖ ಒಂದು ಗಳಿಗೆ ಹಿಗ್ಗಿತು. ಅದನ್ನು ನಾನು ನೋಡಿದೆ, ಸುಳ್ಳು ಹೇಳುವುದಿಲ್ಲ.

"ಭಾಳ ಚಂದ ಐತ್ರಿ. ಖರೇನ ಹಿಂಗ ಆಗಬೇಕು," ಅಂದಳು. ಆಮೇಲೆ, "ಆದ್ರ ನೀವು ಬರದು ಕರಸಿದ್ರ, ಅದು ಅವ ಬಂದಂಗ ಆಗಂಗಿಲ್ಲ. ಹೊಡದು ಹಾಕ್ರಿ," ಅಂದಳು.

(ಆ) ಅವನು ಬರುವುದಿಲ್ಲ. ಅವಳೇ ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋಗುತ್ತಾಳೆ.

"ಹೋಗಿದ್ದೆ," ಅಂದಳು. "ಯುಗಾದಿ ಆಗಿ ಎರಡು ವಾರಕ್ಕ. ಕಾಲೇಜಿನ ಗೇಟಿನ ತನಕ. ಅವ ವರಾಂಡದಾಗ ಗಾಜಿನ ಬಾಟ್ಲಿ ಟ್ರೇ ಹಿಡಕೊಂಡು ಹೊಂಟಿದ್ದ. ಕೈ ತುಂಬಿದ್ವು. ಕರದ್ರ ತಿರುಗಿ ನೋಡತಾನ, ಬಿದ್ದು ಒಡಿತಾವ ಅಂತ ಕರೀಲಿಲ್ಲ."

"ಇದನ್ನು ಮೊದಲೇ ಹೇಳಬಾರದಿತ್ತೇ?"

"ನೀವು ಕೇಳಲಿಲ್ಲಲ್ಲ."

(ಕತೆಯ ಅತ್ಯುತ್ತಮ ದೃಶ್ಯ ನನ್ನ ಬೆನ್ನ ಹಿಂದೆ ನಡೆದುಹೋಗಿದೆ. ನನ್ನ ಯೋಗ್ಯತೆ ಇಷ್ಟು.)

(ಇ) ಇದು ಹತಾಶೆಯದ್ದು. ನಾನೇ ಒಂದು ಹಡಗು ತರುತ್ತೇನೆ, ನಾನೇ ಹೊಡೆಯುತ್ತೇನೆ, ನಾನೇ ನೀರಿಗಿಳಿದು ಎರಡೂ ಕೈಯಿಂದ ತಂದುಕೊಡುತ್ತೇನೆ. ಅವಳು ಸೋತು ಹಗುರಾಗಲಿ. ಈ ಮಾತನ್ನು ಆಡುವಾಗ ನಾನು ಆಗಲೇ ಚಪ್ಪಲಿ ಬಿಚ್ಚಿದ್ದೆ. ಯಾಕೆಂದು ನೀವು ಕೇಳಬೇಡಿ. ಕತೆ ಅವಳದು.

ಗಂಗಾಂಬಿಕಾ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ.

"ನಿಮಗ ಹಡಗು ಮುಳುಗಬೇಕಾಗೈತಿ, ಕತಿ ಮುಗೀಬೇಕಲ್ಲ. ನನಗ ಅವ ನೀರಿಗಿಳೀಬೇಕಾಗೈತಿ."

ಇದನ್ನು ಹಾಗೇ ಬರೆದುಕೊಂಡೆ. ನಿಮ್ಮ ಬಳಿ ಇದಕ್ಕೆ ಉತ್ತರವಿದ್ದರೂ ನನಗೆ ಬರೆದು ಕಳಿಸಬೇಡಿ.

ಹತ್ತೂವರೆಯಾಗಿದೆ. ನೀಲಿ ಹಡಗು ಕೆರೆಯ ನಡುವೆ ನಿಧಾನ ಸುತ್ತುತ್ತಿದೆ, ಫಿರಂಗಿಗಳು ಖಾಲಿ ನೀರಿನ ಕಡೆ ತಿರುಗಿವೆ. ಸಿದ್ದಾಪುರದ ಕಡೆಯಿಂದ ಬಂದ ಬಸ್ಸು ನಿಲ್ಲದೆ ಹೋಯಿತು. ನಾನು ನೋಟ್‌ಬುಕ್ ಮುಚ್ಚಿದೆ, ಬಿಸಿಲೇರುತ್ತಿದೆ, ಹೊರಡೋಣ ಅಂದೆ.

"ನೀವು ನಡೀರಿ," ಅಂದಳು ರಿಮೋಟಿನಿಂದ ಕಣ್ಣೆತ್ತದೆ. "ಬ್ಯಾಟರಿ ಇನ್ನೂ ನಲವತ್ತು ನಿಮಿಷ ಬರತೈತಿ. ಅದು ಮುಗದ್ರ ಹಾಕಾಕ ಇನ್ನೊಂದು ತಂದೀನಿ."